ಕೊಟ್ಟಿಗೆಯ ಘಾಟು, ಲಾರಿಯ ಹೊಗೆ



ಸವದತ್ತಿ ತಾಲ್ಲೂಕಿನ ಚಚಡಿಯಂತಹ ಊರಿನಲ್ಲಿ ಬೆಳಗಿನ ಜಾವ ದನದ ಕೊಟ್ಟಿಗೆಗೆ ಕಾಲಿಟ್ಟವರಿಗೆ ಕಣ್ಣು ಉರಿಸುವ ಘಾಟು ಪರಿಚಿತ. ಗಂಜಲದಲ್ಲಿರುವ ಯೂರಿಯಾ ಒಡೆದು ಅಮೋನಿಯ ಅನಿಲವಾಗುವುದೇ ಅದಕ್ಕೆ ಕಾರಣ. ಅದೇ ಊರಿನ ರಸ್ತೆಯಲ್ಲಿ ಹಾದುಹೋಗುವ ಹೊಸ ಡೀಸೆಲ್ ಲಾರಿಯ ಪಕ್ಕದಲ್ಲಿ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕೊಂದನ್ನು ನೀವು ನೋಡಿರಬಹುದು. ಅದರಲ್ಲಿರುವುದೂ ಯೂರಿಯಾ ಬೆರೆಸಿದ ನೀರೇ. ಕೊಟ್ಟಿಗೆಯ ಘಾಟಿಗೂ ಲಾರಿಯ ಹೊಗೆಗೂ ಈ ನಂಟು ಹೇಗೆ ಬಂತು?

ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿದವನು ಫ್ರಾನ್ಸಿನ ರೂಯೆಲ್, 1773ರಲ್ಲಿ. 1828ರಲ್ಲಿ ಜರ್ಮನಿಯ ವೋಲರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದ. ಆ ಶತಮಾನದಲ್ಲಿ ಯೂರೋಪಿನ ನಗರಗಳ ಬೀದಿದೀಪಗಳಿಗೆ ಕಲ್ಲಿದ್ದಲಿನಿಂದ ಅನಿಲ ತೆಗೆಯುತ್ತಿದ್ದರು. ಅನಿಲವನ್ನು ತೊಳೆದ ಗಬ್ಬುನೀರಿನಲ್ಲಿ ಅಮೋನಿಯ ತುಂಬಿರುತ್ತಿತ್ತು. ಮೊದಮೊದಲು ಹೊರಗೆ ಚೆಲ್ಲುತ್ತಿದ್ದ ಆ ನೀರಿನಿಂದಲೇ ಮುಂದೆ ಗಂಧಕಾಮ್ಲದ ನೆರವಿನಿಂದ ಅಮೋನಿಯಂ ಸಲ್ಫೇಟ್ ಗೊಬ್ಬರ ತೆಗೆದರು. ಹೊಲಸು ನೀರಿಗೂ ಬೆಲೆಯುಂಟೆಂದು ಕಾರ್ಖಾನೆಯವರಿಗೆ ತಿಳಿದದ್ದು ಹೀಗೆ. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಗಾಳಿಯ ಸಾರಜನಕದಿಂದಲೇ ಅಮೋನಿಯ ತಯಾರಾಗತೊಡಗಿತು. ನಮ್ಮ ಮೈಸೂರು ಸಮೀಪದ ಬೆಳಗೊಳದಲ್ಲಿಯೂ ಸ್ವಾತಂತ್ರ್ಯಕ್ಕೆ ಮೊದಲೇ ಅದರ ಕಾರ್ಖಾನೆಯಿತ್ತು. ಅಗ್ಗದ ಅಮೋನಿಯ ಬಂದ ಮೇಲೆ ಗಬ್ಬುನೀರಿನ ಮಹತ್ವ ಕುಗ್ಗಿತು.

ಇನ್ನು ಹೊಗೆಯ ಕಡೆ ಬರೋಣ. ಇಂಧನ ಹೆಚ್ಚಿನ ಶಾಖದಲ್ಲಿ ಉರಿದಾಗ ಗಾಳಿಯ ಸಾರಜನಕವೂ ಆಮ್ಲಜನಕವೂ ಸೇರಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿನಲ್ಲಿ ಇವುಗಳ ಕೈವಾಡವಿದೆಯೆಂದು 1950ರ ದಶಕದಲ್ಲಿ ಹಾಗನ್-ಸ್ಮಿಟ್ ತೋರಿಸಿಕೊಟ್ಟ. ಈ ಆಕ್ಸೈಡುಗಳಿಗೆ ಅಮೋನಿಯ ಸೋಕಿಸಿದರೆ ತಕ್ಕ ವೇಗವರ್ಧಕದ ಮೇಲೆ ಎರಡೂ ಸೇರಿ ನಿರುಪದ್ರವಿ ಸಾರಜನಕವೂ ನೀರಾವಿಯೂ ಆಗುತ್ತವೆ. ಈ ವಿಧಾನವನ್ನು 1970ರ ದಶಕದಲ್ಲಿ ಜಪಾನ್ ವಿದ್ಯುತ್ ಸ್ಥಾವರಗಳಿಗೆ ಒಗ್ಗಿಸಿತು. ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ದೊಡ್ಡ ಲಾರಿಗಳಲ್ಲೂ ಅದು ವ್ಯಾಪಕವಾಯಿತು.

ಆದರೆ ಒಂದು ವಿಚಿತ್ರವನ್ನು ಗಮನಿಸಿ. ಒಂದೆಡೆ ನೈಸರ್ಗಿಕ ಅನಿಲವನ್ನು ವ್ಯಯಿಸಿ ಅಮೋನಿಯ ತಯಾರಿಸುತ್ತೇವೆ. ಇನ್ನೊಂದೆಡೆ ನಗರದ ಚರಂಡಿ ನೀರಿನಲ್ಲಿ ಬಂದ ಅಮೋನಿಯವನ್ನು ಕಳೆಯಲು ವಿದ್ಯುತ್ತು ಸುರಿದು ಗಾಳಿ ಊದುತ್ತೇವೆ. ಶುದ್ಧೀಕರಿಸದೆ ಬಿಟ್ಟರೆ ಅದು ಬೆಂಗಳೂರಿನ ಬೆಳ್ಳಂದೂರಿನಂತಹ ಕೆರೆಗಳನ್ನು ಸೇರುತ್ತದೆ. ಎರಡು ಖರ್ಚುಗಳನ್ನೂ ಒಟ್ಟಿಗೆ ತಗ್ಗಿಸಲಾಗದೇ ಎಂಬ ಪ್ರಶ್ನೆ ಸಹಜ. ಮಾರ್ಗವೇನೋ ಇದೆ. ನೀರಿಗೆ ಸುಣ್ಣದಂತಹ ಕ್ಷಾರ ಬೆರೆಸಿ ಗಾಳಿ ಹಾಯಿಸಿದರೆ ಅಮೋನಿಯ ಮೇಲೇಳುತ್ತದೆ, ಅದನ್ನು ಹಿಡಿದಿಡಬಹುದು. ನಾರ್ವೆಯ ಓಸ್ಲೋ ಬಳಿಯ ಶುದ್ಧೀಕರಣ ಘಟಕವೊಂದು ಹೀಗೆ ಗೊಬ್ಬರದ ಸರಕು ತೆಗೆದಿದೆ. ಹಿಡಿದ ಅಮೋನಿಯವನ್ನು ಸುಮಾರು 900ರಿಂದ 1,000 ಡಿಗ್ರಿ ಶಾಖದ ಕುಲುಮೆಯೊಳಗೆ ಸಿಂಪಡಿಸಿದರೆ ವೇಗವರ್ಧಕವೂ ಬೇಡ.

ತೊಡಕಿರುವುದು ಪ್ರಮಾಣದಲ್ಲಿ. ಸಾಮಾನ್ಯ ಚರಂಡಿ ನೀರಿನ ಒಂದು ಲೀಟರಿನಲ್ಲಿ ಅಮೋನಿಯ ಕೆಲವು ಹತ್ತು ಮಿಲಿಗ್ರಾಂ ಮಾತ್ರ. ರೊಚ್ಚನ್ನು ಕೊಳೆಸಿ ಬಸಿದ ನೀರಿನಲ್ಲಾದರೆ ಸಾವಿರದಷ್ಟಿರಬಹುದು. ಆದ್ದರಿಂದ ಈ ಕೆಲಸ ಲಾಭಕರವಾಗುವುದಾದರೆ ಅಲ್ಲೇ. ಹಾಗೆಂದು ಕೊಟ್ಟಿಗೆಯ ಗಂಜಲವನ್ನೇ ಲಾರಿಗೆ ಸುರಿಯುವ ಯೋಚನೆ ಬೇಡ! ಲಾರಿಯ ದ್ರಾವಣದಲ್ಲಿ ಯೂರಿಯಾ ಶೇಕಡಾ 32.5ರಷ್ಟಿರಬೇಕು, ಮನುಷ್ಯನ ಮೂತ್ರದಲ್ಲಿರುವುದು ಸುಮಾರು 2. ಅದರಲ್ಲಿರುವ ಲವಣಗಳು ವೇಗವರ್ಧಕವನ್ನೇ ಕೆಡಿಸಿಬಿಡುತ್ತವೆ.