ವಿಎಲ್‌ಸಿ ಯಾಕೆ ನಮ್ಮದಾಯಿತು?



ಏಪ್ರಿಲ್ 14ರ ಕಾರ್ಯಕ್ರಮಗಳಲ್ಲಿ ಪ್ರೊಜೆಕ್ಟರ್ ಪಕ್ಕದ ಲ್ಯಾಪ್‌ಟಾಪ್ ಕಡೆ ಒಂದ್ಸಲ ಕಣ್ಣು ಹಾಯಿಸಿ. ಎಷ್ಟೋ ಕಡೆ ರಸ್ತೆ ರಿಪೇರಿಗೆ ಇಡೋ ಕಿತ್ತಳೆ ಬಣ್ಣದ ಕೋನ್ ಕಾಣುತ್ತೆ. ಅದು ವಿಎಲ್‌ಸಿ. ಯಾಕೆ ಇದನ್ನೇ ಹಾಕ್ತೀರಪ್ಪಾ ಅಂದ್ರೆ ಹುಡುಗರು "ಫ್ರೀ ಅಲ್ವಾ ಅಣ್ಣ" ಅಂತಾರೆ. ಆದರೆ ವಿಂಡೋಸ್ ಜೊತೆ ಬರ್ತಿದ್ದ ಮೀಡಿಯಾ ಪ್ಲೇಯರ್‌ಗೂ ಬೇರೆ ದುಡ್ಡು ಕೊಡಬೇಕಿರಲಿಲ್ಲ. ಹಾಗಾದ್ರೆ ಜನ ಅದನ್ನು ಬಿಟ್ಟು ಇದನ್ನು ಯಾಕೆ ಹಿಡಿದರು? ಇದಕ್ಕೊಂದು ಚರಿತ್ರೆ ಇದೆ. ಅದರಲ್ಲಿ ನಮಗೆ ಬೇಕಾದ ಪಾಠವೂ ಇದೆ.

ಮೊದಲು ನಮ್ಮ ಕಡೆಯಿಂದ ಶುರು ಮಾಡೋಣ. 1956ರ ಡಿಸೆಂಬರ್ 7ರಂದು ಮುಂಬೈಯಲ್ಲಿ ಬಾಬಾಸಾಹೇಬರ ಅಂತಿಮಯಾತ್ರೆ ನಡೆದಾಗ ಲಕ್ಷಾಂತರ ಜನ ಸೇರಿದ್ದರು. ಆ ದೃಶ್ಯವನ್ನು ಫಿಲ್ಮಿಗೆ ಇಳಿಸಿ ಉಳಿಸಿದವರು ನಾಮದೇವ ವ್ಹಟ್ಕರ್. ಅದಕ್ಕೆ ಬೇಕಾದ ದುಡ್ಡನ್ನೂ ಅವರೇ ಹೊಂದಿಸಿಕೊಂಡರು. ಮುಂದೆ 1997ರ ಜುಲೈ 11ರಂದು ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಸತ್ತರು. ಆ ನೋವಿನಲ್ಲಿ ಶಾಹೀರ್ ವಿಲಾಸ್ ಘೋಗ್ರೆ ಪ್ರಾಣ ಬಿಟ್ಟರು. ಆ ಕಥೆಯನ್ನು ಹಿಡಿದಿಟ್ಟ 'ಜೈ ಭೀಮ್ ಕಾಮ್ರೇಡ್' ಸಾಕ್ಷ್ಯಚಿತ್ರ ಮುಗಿಸೋಕೆ ಆನಂದ್ ಪಟವರ್ಧನ್ ಅವರಿಗೆ 14 ವರ್ಷ ಹಿಡಿಯಿತು. ನಮ್ಮ ನೆನಪು ಉಳಿದಿರೋದು ಹೀಗೆ, ಯಾರೋ ಒಬ್ಬರ ಹಟದಿಂದ. ಆಮೇಲೆ ಅದು ಕೈಯಿಂದ ಕೈಗೆ, ಸಿ.ಡಿ.ಯಿಂದ ಪೆನ್‌ಡ್ರೈವ್‌ಗೆ, ಅಲ್ಲಿಂದ ಮೆಮೊರಿ ಕಾರ್ಡ್‌ಗೆ ಕಾಪಿ ಆಗ್ತಾ ಬಂತು.

ಹೀಗೆ ಕಾಪಿಯ ಮೇಲೆ ಕಾಪಿಯಾದ ಫೈಲು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಒಂದು ಡಾಟ್ ಫೈಲು, ಒಂದು ಎವಿಐ, ಇನ್ನೊಂದು ಮೊಬೈಲಿನ 3ಜಿಪಿ. ಸಿ.ಡಿ. ತುಂಬ ಗೀರು. ಡೌನ್‌ಲೋಡ್ ಅರ್ಧಕ್ಕೇ ನಿಂತಿರುತ್ತೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇಂಥ ಫೈಲು ಹಾಕಿದರೆ ಮೀಡಿಯಾ ಪ್ಲೇಯರ್ "ಕೋಡೆಕ್ ಇಲ್ಲ" ಅಂದು ಕೈ ಎತ್ತಿಬಿಡ್ತಿತ್ತು. ಡಿ.ವಿ.ಡಿ. ನೋಡೋಕೂ ಬೇರೆ ಡಿಕೋಡರ್ ಹಾಕಿಸಬೇಕಿತ್ತು. ಇಂಟರ್ನೆಟ್ಟೇ ಇಲ್ಲದ ಊರಲ್ಲಿ ಕೋಡೆಕ್ ಎಲ್ಲಿಂದ ತರೋದು?

ವಿಎಲ್‌ಸಿ ಮಾತ್ರ ಎಂಥ ಫೈಲು ಕೊಟ್ರೂ ಓಡಿಸೋಕೆ ನೋಡ್ತಿತ್ತು. ಇದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. 1996ರಲ್ಲಿ ಫ್ರಾನ್ಸಿನ ಎಕೋಲ್ ಸಾಂತ್ರಾಲ್ ಪ್ಯಾರಿಸ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಕ್ಯಾಂಪಸ್ಸಿನ ನೆಟ್‌ವರ್ಕ್ ನಿಧಾನ ಅನ್ನೋ ಸಿಟ್ಟಿತ್ತು. ಹೊಸ ನೆಟ್‌ವರ್ಕ್ ಬೇಕು ಅಂದ್ರೆ ಏನಾದ್ರೂ ದೊಡ್ಡ ಕೆಲಸ ತೋರಿಸಬೇಕಿತ್ತು. ಸ್ಯಾಟಲೈಟ್ ಟಿ.ವಿ.ಯನ್ನು ನೆಟ್‌ವರ್ಕ್ ಮೂಲಕ ಎಲ್ಲರ ಕಂಪ್ಯೂಟರಿಗೂ ಹಾಯಿಸುವ ವಿಡಿಯೋಲ್ಯಾನ್ ಯೋಜನೆ ಹುಟ್ಟಿದ್ದು ಹಾಗೆ. ನೆಟ್‌ವರ್ಕ್‌ನಲ್ಲಿ ಬರುವ ವಿಡಿಯೋ ಚೂರು ಚೂರಾಗಿ ಬರುತ್ತೆ, ಕೆಲವು ಚೂರು ದಾರಿಯಲ್ಲೇ ಕಳೆದುಹೋಗುತ್ತೆ. ಹೋದದ್ದು ಹೋಗಲಿ, ಇದ್ದದ್ದನ್ನು ತೋರಿಸು ಅನ್ನೋದೇ ಅದರ ಮೂಲ ಗುಣವಾಯಿತು. ಕೋಡೆಕ್‌ಗಳನ್ನೂ ಒಳಗೇ ತುಂಬಿಕೊಂಡು ಬಂತು. ಪ್ಯಾರಿಸ್ಸಿನ ಹುಡುಗರಿಗೆ ನಮ್ಮ ಕೇರಿಯ ಗೀರುಬಿದ್ದ ಸಿ.ಡಿ. ಗೊತ್ತಿರಲಿಲ್ಲ. ಆದ್ರೆ ಅವರು ಕಟ್ಟಿದ್ದು ನಮ್ಮ ಸಿ.ಡಿ.ಗೆ ಸರಿಯಾಗಿ ಹೊಂದಿತು. ಆ ಕೋನ್ ಚಿಹ್ನೆಯೂ ಅಲ್ಲಿಯದೇ. ಹುಡುಗರು ರಸ್ತೆಯ ಕೋನ್‌ಗಳನ್ನು ಹೊತ್ತು ತಂದು ಗುಡ್ಡೆ ಹಾಕ್ತಿದ್ದರಂತೆ!

ಎರಡನೇ ಕಾರಣ ಇನ್ನೂ ಮುಖ್ಯ. 2001ರ ಫೆಬ್ರವರಿ 1ರಂದು ಕಾಲೇಜಿನ ಒಪ್ಪಿಗೆ ಪಡೆದು ಇದನ್ನು ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟರು. ಅಂದ್ರೆ ಯಾರು ಬೇಕಾದ್ರೂ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಮುಂದೆ ಇದರ ಹೊಣೆ ಹೊತ್ತ ಜೀನ್-ಬ್ಯಾಪ್ಟಿಸ್ಟ್ ಕೆಂಪ್ಫ್, ಜಾಹೀರಾತು ಸೇರಿಸಿದರೆ ಕೋಟಿಗಟ್ಟಲೆ ಕೊಡ್ತೀವಿ ಅಂತ ಬಂದವರನ್ನು ವಾಪಸ್ ಕಳಿಸಿದರು. ಈಗಲೂ ಅದು ಅಕೌಂಟ್ ಕೇಳಲ್ಲ, ಫೋನ್ ನಂಬರ್ ಕೇಳಲ್ಲ, ಹೆಸರೂ ಕೇಳಲ್ಲ. ಹೆಸರು ಕೇಳಿ ಅದರ ಹಿಂದೆ ಜಾತಿ ಹುಡುಕುವ ದೇಶದಲ್ಲಿ ಇದೇನು ಸಣ್ಣ ಮಾತಲ್ಲ.

ಬಾಗಿಲಿನ ಕೀಲಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತೆ? ಎರಡು ಉದಾಹರಣೆ ಕೊಡ್ತೀನಿ. ಮನೆಯ ಕಂಪ್ಯೂಟರಲ್ಲಿರೋ ಸಿನಿಮಾ, ಹಾಡುಗಳನ್ನು ಟಿ.ವಿ.ಗೆ, ಮೊಬೈಲಿಗೆ ಹಂಚೋಕೆ ಪ್ಲೆಕ್ಸ್ ಅಂತ ಒಂದಿದೆ. ಇವತ್ತು ಕೋಡಿ ಅನ್ನಿಸಿಕೊಂಡಿರುವ ಮುಕ್ತ ತಂತ್ರಾಂಶದಿಂದಲೇ 2008ರಲ್ಲಿ ಕವಲೊಡೆದು ಕಂಪನಿಯಾಯಿತು. 2025ರ ಏಪ್ರಿಲ್‌ನಲ್ಲಿ ಅದರ ಆಜೀವ ಚಂದಾ ಸುಮಾರು 120 ಡಾಲರಿನಿಂದ 250 ಡಾಲರಿಗೆ ಏರಿತು. ನಿಮ್ಮದೇ ಫೈಲನ್ನು ಹೊರಗಡೆಯಿಂದ ನೋಡೋಕೂ ದುಡ್ಡು ಕಟ್ಟಬೇಕಾಯಿತು. ಎಂಬಿ ಅನ್ನೋ ಇನ್ನೊಂದು ತಂತ್ರಾಂಶ 2018ರಲ್ಲಿ ತನ್ನ ಕೋಡ್ ಮುಚ್ಚಿತು. ಆಗ ಅಲ್ಲಿದ್ದವರೇ ಕೆಲವರು, ಮುಚ್ಚೋಕೆ ಮುಂಚಿನ ಕೋಡ್ ಎತ್ತಿಕೊಂಡು ಬಂದು ಜೆಲ್ಲಿಫಿನ್ ಕಟ್ಟಿದರು. ಪರವಾನಗಿ ಮುಕ್ತವಾಗಿತ್ತು, ಅದಕ್ಕೇ ಹೊರನಡೆಯುವ ಹಕ್ಕು ಉಳಿದಿತ್ತು.

ನಮ್ಮ ದೇಶದಲ್ಲೂ ನಡೆಯಿತಲ್ಲ. 2022ರಲ್ಲಿ ವಿಡಿಯೋಲ್ಯಾನ್ ಜಾಲತಾಣ ಭಾರತದಲ್ಲಿ ತೆರೆಯದಂತಾಯಿತು. ತಮಗೆ ಮೊದಲು ಒಂದು ನೋಟಿಸ್ ಕೂಡ ಬಂದಿಲ್ಲ ಅಂತ ಅವರು ಹೇಳಿದರು. ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಲೀಗಲ್ ನೋಟಿಸ್ ಕೊಟ್ಟ ಮೇಲೆ ನವೆಂಬರಿನಲ್ಲಿ ತಡೆ ತೆಗೆದರು. ಕೇಳದೇ ಶಿಕ್ಷೆ ಕೊಡಬಾರದು ಅನ್ನೋದು ಸಹಜ ನ್ಯಾಯದ ಮೊದಲ ಪಾಠ. ಆದ್ರೆ ಇನ್ನೊಂದು ಗಮನಿಸಿ. ಅಷ್ಟೂ ತಿಂಗಳು ನಮ್ಮ ಕಂಪ್ಯೂಟರುಗಳಲ್ಲಿದ್ದ ವಿಎಲ್‌ಸಿ ಓಡುತ್ತಲೇ ಇತ್ತು. ನಮ್ಮ ಕೈಯಲ್ಲಿದ್ದದ್ದನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಮುಕ್ತ ತಂತ್ರಾಂಶ ಬಂದ ಮಾತ್ರಕ್ಕೆ ಜಾತಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಸಾರ್ವಜನಿಕ ಕೆರೆಗಳನ್ನು ಎಲ್ಲರಿಗೂ ತೆರೆಯಬೇಕು ಅಂತ ಮುಂಬೈ ಶಾಸನಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡಿನ ಪುರಸಭೆಯೂ ಒಪ್ಪಿತು. ಆದರೂ ಕಾಗದದಲ್ಲಿ ತೆರೆದ ಚವದಾರ್ ಕೆರೆಯ ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಹೋಗಿ ಬೊಗಸೆ ಒಡ್ಡಬೇಕಾಯಿತು. ಪರವಾನಗಿ ಕಾಗದವೂ ಅಷ್ಟೇ. ನಾವು ಹೋಗಿ ಕೈಯಿಟ್ಟರೆ ಮಾತ್ರ ನಮ್ಮದು.

ಅದಕ್ಕೇ ಹೇಳ್ತಿರೋದು. ಯೂಟ್ಯೂಬ್‌ನಲ್ಲಿದೆ ಅಂತ ನಂಬಿ ಕೂರಬೇಡಿ, ಅಲ್ಲಿ ಇವತ್ತಿರೋದು ನಾಳೆ ಇರಲ್ಲ. ನಿಮ್ಮೂರ ಹೋರಾಟದ ಹಾಡು, ಹಿರಿಯರ ಭಾಷಣ, ಧರಣಿಯ ವಿಡಿಯೋ ಯಾರ ಹಳೇ ಫೋನಲ್ಲಿದೆ ಕೇಳಿ. ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ, ಎರಡು ಬೇರೆ ಮನೆಯಲ್ಲಿಡಿ. ಫೈಲಿನ ಹೆಸರಲ್ಲಿ ಊರು, ತಾರೀಖು, ಮಾತಾಡಿದವರ ಹೆಸರು ಬರೆಯಿರಿ. ನೋಡೋಕೆ ವಿಎಲ್‌ಸಿ ಸಾಕು. ಭವನದಲ್ಲಿ ಒಂದು ಹಳೇ ಕಂಪ್ಯೂಟರ್ ಇದ್ರೆ ಜೆಲ್ಲಿಫಿನ್ ಹಾಕಿ, ವೈಫೈ ಇದ್ದವರೆಲ್ಲ ತಮ್ಮ ತಮ್ಮ ಫೋನಲ್ಲೇ ನೋಡಬಹುದು. ಕಂಪ್ಯೂಟರ್ ಓದಿದ ನಮ್ಮ ಮಕ್ಕಳಿಗೆ ಈ ಕೆಲಸ ಒಂದು ಭಾನುವಾರದ್ದು.

ವ್ಹಟ್ಕರ್ ಅವರು ಅವತ್ತು ಕ್ಯಾಮೆರಾ ಹೊತ್ತರು. ಉಳಿಸೋ ಕೆಲಸ ನಮ್ಮದು.

ಜೈ ಭೀಮ್.