ತತ್ವಶಾಸ್ತ್ರ ಓದಿದರೆ ಸನ್ಯಾಸವೇ ಗತಿಯೇ? ವಿಶ್ವವಿದ್ಯಾಲಯದಲ್ಲಿ ನಿಜಕ್ಕೂ ಕಲಿಸುವುದೇನು?

ಮಗನೋ ಮಗಳೋ "ನಾನು ತತ್ವಶಾಸ್ತ್ರ ಓದುತ್ತೇನೆ" ಎಂದರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. "ಅದಕ್ಕೆ ಯೂನಿವರ್ಸಿಟಿ ಯಾಕೆ, ಮಠಕ್ಕೆ ಹೋದರೆ ಸಾಲದೇ?" ಎಂಬುದು ಒಂದು. "ಓದಿ ಹೊಟ್ಟೆಗೇನು ಮಾಡುತ್ತೀಯ?" ಎಂಬುದು ಇನ್ನೊಂದು. ಮೊದಲನೆಯದು ತಪ್ಪು ಕಲ್ಪನೆ. ಎರಡನೆಯದು ನ್ಯಾಯವಾದ ಪ್ರಶ್ನೆ. ಎರಡನ್ನೂ ಒಂದೊಂದಾಗಿ ನೋಡೋಣ.

ತತ್ವಶಾಸ್ತ್ರ ಎಂದರೆ ಧರ್ಮಬೋಧನೆಯೇ?

ಅಲ್ಲ. ನಮ್ಮದೇ ನಾಡಿನ ಉದಾಹರಣೆ ಇದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಎರಡೇ ವರ್ಷಕ್ಕೆ ಸರ್ವೇಪಲ್ಲಿ ರಾಧಾಕೃಷ್ಣನ್ ಅಲ್ಲಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದರು ಎಂಬ ಕತೆ ಎಲ್ಲರಿಗೂ ಗೊತ್ತು. ಆ ಮೂರು ವರ್ಷಗಳಲ್ಲಿ ಅವರು ಏನು ಬರೆದರು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. 1920ರಲ್ಲಿ ಬಂದ ಅವರ ಪುಸ್ತಕ ಲೈಬ್ನಿಟ್ಸ್, ಬರ್ಗ್‌ಸನ್, ವಿಲಿಯಂ ಜೇಮ್ಸ್, ಬರ್ಟ್ರಂಡ್ ರಸೆಲ್ ಅವರ ವಾದಗಳನ್ನು ಹಿಡಿದು ಚರ್ಚಿಸುತ್ತದೆ. ಧರ್ಮದ ಪ್ರಭಾವ ತತ್ವಚಿಂತನೆಯನ್ನು ಹೇಗೆ ದಾರಿ ತಪ್ಪಿಸಬಲ್ಲದು ಎಂಬುದೇ ಅದರ ಮುಖ್ಯ ತಕರಾರು.

ಅದೇ ವಿಶ್ವವಿದ್ಯಾಲಯದಲ್ಲಿ ಎಂ. ಹಿರಿಯಣ್ಣ ವರ್ಷಗಟ್ಟಲೆ ಮಾಡಿದ ಪಾಠಗಳು 1932ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಹೊರಬಂದವು. ಭಾರತೀಯ ದರ್ಶನಗಳ ಪರಿಚಯಕ್ಕೆ ಇವತ್ತಿಗೂ ಓದುವ ಪುಸ್ತಕವದು. ಅದರಲ್ಲಿ ವೇದಾಂತದ ಜೊತೆಗೆ ದೇವರು, ಪರಲೋಕ ಎರಡನ್ನೂ ಒಪ್ಪದ ಚಾರ್ವಾಕರೂ ಇದ್ದಾರೆ, ಬೌದ್ಧರೂ ಜೈನರೂ ಇದ್ದಾರೆ. ತರಗತಿಯಲ್ಲಿ ಇವರಲ್ಲಿ ಯಾರನ್ನೂ ನಂಬಬೇಕಾಗಿಲ್ಲ. ಪ್ರತಿಯೊಬ್ಬರ ವಾದ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ತೋರಿಸಬೇಕು. ಮಠಕ್ಕೂ ವಿಭಾಗಕ್ಕೂ ಇರುವ ವ್ಯತ್ಯಾಸ ಇದೇ.

ಹೊಗೆ, ಬೆಂಕಿ ಮತ್ತು ಪಪ್ಪಾಯಿ ಎಲೆ

ತತ್ವಶಾಸ್ತ್ರದ ಒಂದು ದೊಡ್ಡ ಭಾಗ ತರ್ಕ. ಕರ್ನಾಟಕದ ಪಿಯು ಕಲಾ ವಿಭಾಗದಲ್ಲೂ ತರ್ಕಶಾಸ್ತ್ರ ಎಂಬ ವಿಷಯವಿದೆ. ವಿಶ್ವವಿದ್ಯಾಲಯದಲ್ಲಿ ಅರಿಸ್ಟಾಟಲನ ತರ್ಕ, ಆಧುನಿಕ ಸಾಂಕೇತಿಕ ತರ್ಕ, ನ್ಯಾಯ ದರ್ಶನ ಮೂರೂ ಬರುತ್ತವೆ.

ನ್ಯಾಯ ದರ್ಶನದ ಹಳೆಯ ಉದಾಹರಣೆ ಹೀಗಿದೆ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ತಪ್ಪದ ಸಂಬಂಧಕ್ಕೆ 'ವ್ಯಾಪ್ತಿ' ಎಂದು ಹೆಸರು. ಇದನ್ನೇ ತಿರುಗಿಸಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನಬಹುದೇ? ಆಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಲು ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ನಮ್ಮ ಲೆಕ್ಕ ತಪ್ಪಿಸುವ ಇನ್ನೊಂದು ಷರತ್ತನ್ನು ನೈಯಾಯಿಕರು 'ಉಪಾಧಿ' ಎಂದರು. ಇಂದಿನ ವೈದ್ಯಕೀಯ ಸಂಶೋಧಕರು ಒಂದು ಔಷಧಿಯನ್ನು ಪರೀಕ್ಷಿಸುವಾಗ ಮೊದಲು ಹುಡುಕುವುದೂ ಇಂಥದ್ದನ್ನೇ.

ಈಗ ವಾಟ್ಸ್‌ಆ್ಯಪ್‌ಗೆ ಬನ್ನಿ. "ಡೆಂಗಿ ಬಂದಾಗ ಪಪ್ಪಾಯಿ ಎಲೆಯ ರಸ ಕುಡಿದರು, ಎರಡೇ ದಿನಕ್ಕೆ ಪ್ಲೇಟ್‌ಲೆಟ್ ಏರಿತು" ಎಂಬ ಸಂದೇಶ ಮಳೆಗಾಲ ಬಂದರೆ ಸಾಕು, ಓಡಾಡತೊಡಗುತ್ತದೆ. ಇಲ್ಲಿ ಹಸಿ ಸೌದೆ ಯಾವುದು? ಡೆಂಗಿಯಲ್ಲಿ ಅಪಾಯದ ಹಂತ ದಾಟಿದ ಬಹುತೇಕ ರೋಗಿಗಳಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ರಸ ಕುಡಿದ ದಿನವೂ ಏರುವ ದಿನವೂ ಒಂದಾಗಿರಬಹುದು. ಕಾಗೆ ಕೂತಿದ್ದಕ್ಕೂ ತಾಳೆಹಣ್ಣು ಬಿದ್ದಿದ್ದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯ ನ್ಯಾಯವಿದು. ಗಮನಿಸಿ, ರಸದಿಂದ ಏನೂ ಆಗುವುದಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆ ಒಂದು ಕತೆ ಸಾಕ್ಷಿಯಾಗಲಾರದು ಎಂದಷ್ಟೇ ಗೊತ್ತಾಗುತ್ತದೆ. ಆದರೆ ಅಷ್ಟು ಗೊತ್ತಿದ್ದವರು ರಸವನ್ನು ನಂಬಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದಿಲ್ಲ.

ತತ್ವಶಾಸ್ತ್ರ ಓದಿದರೆ ಬುದ್ಧಿ ಚುರುಕಾಗುತ್ತದೆಯೇ?

ಅಮೆರಿಕದ ಜಿಆರ್‌ಇ ಪರೀಕ್ಷೆಯಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿಗಳು ಭಾಷಾ ವಿಭಾಗದಲ್ಲೂ ವಿಶ್ಲೇಷಣಾತ್ಮಕ ಬರವಣಿಗೆಯಲ್ಲೂ ಮುಂಚೂಣಿಯಲ್ಲಿರುತ್ತಾರೆ. ವಿಭಾಗಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ಇಲ್ಲೂ ಉಪಾಧಿ ಅಡಗಿರಬಹುದಲ್ಲವೇ? ಮೊದಲೇ ಚುರುಕಾಗಿರುವವರು ಈ ವಿಷಯವನ್ನು ಆಯ್ದುಕೊಳ್ಳುತ್ತಿರಬಹುದು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಅಮೆರಿಕದ ಐದು ಲಕ್ಷಕ್ಕೂ ಹೆಚ್ಚು ಪದವಿ ವಿದ್ಯಾರ್ಥಿಗಳ ದಾಖಲೆ ನೋಡಿದಾಗ, ಈ ವಿಷಯಕ್ಕೆ ಬರುವವರು ಮೊದಲಿನಿಂದಲೇ ಸ್ವಲ್ಪ ಮುಂದಿರುತ್ತಾರೆ ಎಂಬುದು ನಿಜವೆಂದು ಕಂಡಿತು. ಆ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಭಾಷೆ ಮತ್ತು ತರ್ಕದ ಅಂಕಗಳಲ್ಲಿ ಅವರೇ ಮುಂದಿದ್ದರು. ಅದು ಅಮೆರಿಕದ ಮಾತು. ನಮ್ಮಲ್ಲಿ ಟಿಪ್ಪಣಿ ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವ ಪದ್ಧತಿ ಇರುವ ಕಡೆ ಇದೇ ಫಲ ಸಿಗುತ್ತದೆ ಎಂದು ನಾವು ಹೇಳಲಾರೆವು.

ಹೊಟ್ಟೆಪಾಡಿನ ಪ್ರಶ್ನೆ

ನೇರವಾಗಿ ಹೇಳುವುದಾದರೆ, ಅಧ್ಯಾಪಕ ಹುದ್ದೆಯೊಂದನ್ನೇ ನಂಬಿಕೊಂಡು ಈ ವಿಷಯಕ್ಕೆ ಸೇರುವುದು ಜೂಜು. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಿವೆ. ಆದರೆ ನಮ್ಮ ಬಹುತೇಕ ಪದವಿ ಕಾಲೇಜುಗಳಲ್ಲಿ ವಿಷಯವೇ ಇಲ್ಲ, ಹಾಗಾಗಿ ಹುದ್ದೆಗಳೂ ಕಡಿಮೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ದೊರೆಯುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರವಿದು. ಫೆಲೋಶಿಪ್ ಮುಗಿದ ಮೇಲೇನು ಎಂಬುದನ್ನು ಈಗಲೇ ಯೋಚಿಸಿರಬೇಕು.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ 500 ಅಂಕಗಳ ಐಚ್ಛಿಕ ವಿಷಯ. 2013ರಿಂದ ನೀತಿಶಾಸ್ತ್ರಕ್ಕೆ ಸಂಬಂಧಿಸಿದ 250 ಅಂಕಗಳ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಇದನ್ನು ತೋರಿಸಿ ಎಂ.ಎ.ಗೆ ಸೇರಿ ಎನ್ನುವವರಿದ್ದಾರೆ. ಅರ್ಧ ಸತ್ಯ ಅದು. ಪಠ್ಯಕ್ರಮ ಚಿಕ್ಕದು ಎಂದು ಇಂಜಿನಿಯರಿಂಗ್ ಓದಿದವರೂ ಈ ಐಚ್ಛಿಕವನ್ನು ಆರಿಸಿಕೊಳ್ಳುತ್ತಾರೆ, ಅದಕ್ಕೆ ಎಂ.ಎ. ಬೇಕಿಲ್ಲ. ನಮ್ಮ ಪ್ರಕಾರ ಕಾನೂನು, ಪತ್ರಿಕೋದ್ಯಮ, ಶಿಕ್ಷಣ ಇವುಗಳಲ್ಲೊಂದರ ಜೊತೆ ತತ್ವಶಾಸ್ತ್ರ ಸೇರಿದರೆ ಹೆಚ್ಚು ಉಪಯೋಗ. ಕೆಲಸ ಬಿಡಲಾಗದವರು ಇಗ್ನೋದ ದೂರಶಿಕ್ಷಣದ ಎಂ.ಎ. ನೋಡಬಹುದು, ಯಾವುದೇ ಪದವಿ ಇದ್ದರೂ ಸೇರಿಸಿಕೊಳ್ಳುತ್ತಾರೆ.

ಕನ್ನಡ ಮಾಧ್ಯಮದವರಿಗೆ ಕಷ್ಟವೇ?

ಕಷ್ಟವೇ. ಕಾಂಟ್, ಹೆಗೆಲ್ ಮೊದಲಾದವರ ಮೇಲಿನ ಬರವಣಿಗೆಯೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಇದೆ. ಭಾರತೀಯ ದರ್ಶನಗಳ ಕಡೆ ಪರಿಸ್ಥಿತಿ ವಾಸಿ. ಹಿರಿಯಣ್ಣನವರ ಪುಸ್ತಕ ಕನ್ನಡಕ್ಕೆ ಬಂದಿದೆ, ಪ್ರಮಾಣ, ಅನುಮಾನ, ಹೇತು ಮುಂತಾದ ಪದಗಳೂ ನಮಗೆ ಹೊಸವಲ್ಲ. ಆದರೆ ಎಚ್ಚರ ಬೇಕು: ಆಡುಮಾತಿನಲ್ಲಿ 'ಅನುಮಾನ' ಎಂದರೆ ಸಂಶಯ, ತರ್ಕದಲ್ಲಿ ಅದು ಆಧಾರದಿಂದ ತಲುಪಿದ ತೀರ್ಮಾನ. ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದೆಯೇ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಹೇಗಿವೆ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ವಿಭಾಗಕ್ಕೆ ಹೋಗಿ ಕೇಳಿ. ಸಾಧ್ಯವಾದರೆ ಎರಡನೇ ವರ್ಷದ ವಿದ್ಯಾರ್ಥಿಗಳನ್ನೂ ಮಾತನಾಡಿಸಿ.