ಸಾಣಾಪುರದ ಕೆರೆ, ಒಂದು ಇಯರ್‌ಫೋನು, ಎರಡು ಕಿವಿ

ಎರಡು ಮೂರು ವರ್ಷದ ಹಿಂದಿನ ಮಾತು. ಸಾಣಾಪುರದ ಕೆರೆಯಲ್ಲಿ ಹರಿಗೋಲಿನಲ್ಲಿ ಕೂತಿದ್ದೆ. ಕೆರೆ ಅಂತಾರೆ, ಆದರೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಿಂತು ಮುಂದೆ ಹೋಗೋ ಜಾಗ. ಸುತ್ತ ಬಂಡೆಗಳ ರಾಶಿ. ನಾನೋ, ಅಷ್ಟು ಚಂದದ ಜಾಗದಲ್ಲೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ (ದುರಭ್ಯಾಸ, ಏನು ಮಾಡೋದು). ಹುಟ್ಟು ಹಾಕುತ್ತಿದ್ದ ಹಿರಿಯರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿಯೇಬಿಟ್ಟರು.

"ಏನ್ ಕೇಳಾಕತ್ತೀರಿ ಸರ?"

ಹೇಳೋ ಬದಲು ಒಂದು ಕಡೆಯದನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ. ಕಿವಿಗೆ ಇಟ್ಟುಕೊಂಡರು. ಹುಟ್ಟು ನಿಂತಿತು, ಹರಿಗೋಲು ತನ್ನ ಪಾಡಿಗೆ ಒಂದು ಸುತ್ತು ತಿರುಗಿತು.

"ಭೀಮಸೇನ ಜೋಶಿಯವ್ರು. ನಮ್ಮಪ್ಪ ಭಾಳ ಕೇಳ್ತಿದ್ದ."

"ಮನೇಲಿ ರೇಡಿಯೋ ಇತ್ತಾ?"

"ಎಲ್ಲೀದು ಸರ... ಹೊಟೇಲಿನ್ಯಾವ ಹಚ್ಚಿದ್ದು ಕೇಳೂದು. ಒಂದ್ ಚಾ ತಗೊಂಡು ಒಂದ್ ತಾಸು ಕೂಡೂದು."

ಈ 'ಹೊಟೇಲಿನ್ಯಾವ ಹಚ್ಚಿದ್ದು' ಅನ್ನೋ ಮಾತು ಅವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ಸಂಗೀತದ ಇತಿಹಾಸ ಅಂದರೆ ನಾವು ಹಾಡಿದವರ ಇತಿಹಾಸ ಓದುತ್ತೇವೆ. ಕೇಳಿದವರ ಇತಿಹಾಸ ಯಾರು ಬರೀತಾರೆ? ಈ ನದೀ ದಂಡೆಯನ್ನೇ ನೋಡಿ. 1550ರಲ್ಲಿ ರಾಮಾಮಾತ್ಯ ಅಳಿಯ ರಾಮರಾಯನ ಆಶ್ರಯದಲ್ಲಿ 'ಸ್ವರಮೇಳಕಲಾನಿಧಿ' ಬರೆದ. ಮೇಳಗಳ ಲೆಕ್ಕ, ವೀಣೆಯ ಮೆಟ್ಟಿಲುಗಳ ಲೆಕ್ಕ, ಎಲ್ಲಾ ಇದೆ. ಪುರಂದರದಾಸರ ಹೆಸರಿನ ಮಂಟಪ ಹಂಪಿಯ ಹೊಳೆಯ ಅಂಚಿನಲ್ಲೇ ಇದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪಯಣಿಗ ದೊಮಿಂಗೊ ಪಾಯೆಸ್ ಅರಮನೆಯ ನಾಟ್ಯಶಾಲೆ ನೋಡಿ ಬೆರಗಾಗಿ ಬರೆದ. ಹೊಳೆ ದಾಟಿಸೋ ಹರಿಗೋಲನ್ನೂ ಅವನು ಬಿಡಲಿಲ್ಲ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು ಅಂತ. ಆದರೆ ಆ ಹರಿಗೋಲಿನವನು ಏನು ಕೇಳುತ್ತಿದ್ದ, ಯಾವುದು ಅವನಿಗೆ ಇಷ್ಟ... ಪಾಯೆಸ್ ಕೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ.

ಇನ್ನೂ ಹಿಂದಕ್ಕೆ ಹೋದರೆ ಗಂಗಾವತಿಯ ಪಶ್ಚಿಮಕ್ಕೆ ಹಿರೇಬೆಣಕಲ್ ಗುಡ್ಡ. ಅಲ್ಲಿಯ ಕಲ್ಲುಮನೆಗಳ ಫೋಟೋ ನೀವೆಲ್ಲ ನೋಡಿರುತ್ತೀರಿ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಅಂತ ತಿಳಿದವರ ಅಂದಾಜು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಎಲ್ಲರೂ ಕಲ್ಲುಮನೆಗಳ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆದರೆ ಅಲ್ಲೇ ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ದೊಡ್ಡ ಗುಂಡು ಕೂತಿದೆ. ಕಟ್ಟಿಗೆಯಿಂದ ಬಡಿದರೆ ಸದ್ದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದಲ್ಲೂ ಹೀಗೆ ನಾದ ಹೊಮ್ಮಿಸೋ ಕರಿಕಲ್ಲುಗಳಿವೆ. ನಿಕೋಲ್ ಬೊಯ್ವಿನ್ ಎಂಬ ಪುರಾತತ್ವಜ್ಞೆ 2004ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದರು. ನವಶಿಲಾಯುಗದವರು ಕಲ್ಲಿನ ಮೇಲೆ ಚಿತ್ರ ಕುಟ್ಟಿದ್ದಷ್ಟೇ ಅಲ್ಲ, ಕಲ್ಲನ್ನೇ ನುಡಿಸಿದ್ದರು ಅಂತ. ಪಕ್ಕದಲ್ಲೇ ಕಲ್ಲುಗಣಿ, ಈ ಗುಡ್ಡಕ್ಕೇ ಅಪಾಯ ಅಂತಲೂ ಆಗಲೇ ಎಚ್ಚರಿಸಿದ್ದರು. ಚಿತ್ರ ಹಾಳಾದರೆ ಫೋಟೋ ಆದರೂ ಉಳಿಯುತ್ತೆ. ನಾದದ ಕಲ್ಲು ಒಡೆದರೆ?

ಅದಿರಲಿ, ಹೊಟೇಲಿಗೆ ಬರೋಣ.

ಭೀಮಸೇನ ಜೋಶಿಯವರನ್ನೇ ತಗೊಳ್ಳಿ. ಹುಟ್ಟಿದ್ದು 1922ರಲ್ಲಿ, ಬೆಳೆದದ್ದು ಗದಗದಲ್ಲಿ, ನಮ್ಮ ಕೊಪ್ಪಳದ ಪಕ್ಕದ ಊರು. ಶಾಲೆಗೆ ಹೋಗಿ ಬರೋ ದಾರಿಯ ಅಂಗಡಿಯಲ್ಲಿ ಗ್ರಾಮಫೋನ್ ಹಚ್ಚುತ್ತಿದ್ದರು, ಹುಡುಗ ಅಲ್ಲೇ ನಿಂತುಬಿಡುತ್ತಿದ್ದ. ಅಲ್ಲಿ ಕಿವಿಗೆ ಬಿದ್ದದ್ದು ಅಬ್ದುಲ್ ಕರೀಂ ಖಾನರ ದನಿ. ಹಾಗೆ ಹಾಡಬೇಕು ಅಂತ ಹನ್ನೊಂದನೇ ವಯಸ್ಸಿಗೆ, 1933ರಲ್ಲಿ ಮನೆ ಬಿಟ್ಟು ಓಡಿದ್ದು, ಗ್ವಾಲಿಯರ್, ಜಲಂಧರ್ ಸುತ್ತಿ ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲ ಬಳಿ ಕೂತದ್ದು ಎಲ್ಲರಿಗೂ ಗೊತ್ತಿರುವ ಕಥೆ. ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಧಾರವಾಡದಲ್ಲಿ ಪುಟ್ಟ ಹುಡುಗಿ ಗಂಗೂಬಾಯಿ ಕೂಡ ಹಾಗೇ. ಅಂಗಡಿಯ ಗ್ರಾಮಫೋನಿನಲ್ಲಿ ಜೊಹ್ರಾಬಾಯಿ ಹಾಡಿದ್ದು ಕೇಳಿಸಿದರೆ ಬೀದಿಗೆ ಓಡುತ್ತಿದ್ದರಂತೆ.

ಗಮನಿಸಿ, ಇಬ್ಬರ ಮನೆಯದೂ ಅಲ್ಲ ಆ ತಟ್ಟೆ. ಅಂಗಡಿಯವನು ಗಿರಾಕಿ ಬರಲಿ ಅಂತ ಹಚ್ಚಿದ್ದು. ಒಂದು ಬದಿಗೆ ಮೂರು ಮೂರೂವರೆ ನಿಮಿಷ ಓಡುವ ಅರಗಿನ ತಟ್ಟೆ. ಆ ಅಂಗಡಿಯವನು ಬಾಗಿಲು ಮುಚ್ಚಿಕೊಂಡು ತಾನೊಬ್ಬನೇ ಕೇಳಿದ್ದರೆ? ನನಗಂತೂ ಆ ಹೆಸರಿಲ್ಲದ ಅಂಗಡಿಯವನಿಗೂ ಕಿರಾಣಾ ಘರಾನೆಯಲ್ಲಿ ಒಂದು ಜಾಗ ಕೊಡಬೇಕು ಅನ್ನಿಸುತ್ತೆ :)

ಸಾಣಾಪುರದ ಕಡೆಗೆ ಹಾಡು ಬಂದ ದಾರಿ ಇನ್ನೂ ಸುತ್ತುಬಳಸು. ಆಗ ಹೊಳೆಯ ಆ ದಂಡೆ, ಅಂದರೆ ಹಂಪಿ, ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಈ ದಂಡೆ, ಆನೆಗೊಂದಿ, ಸಾಣಾಪುರ ಎಲ್ಲ, ನಿಜಾಮರ ರಾಯಚೂರು ಜಿಲ್ಲೆ. ಹೈದರಾಬಾದಿಗೆ 1930ರ ದಶಕದಲ್ಲೇ ನಿಜಾಮರ ಡೆಕ್ಕನ್ ರೇಡಿಯೋ ಇತ್ತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ನಾವು ಸೇರಿದ್ದು 1956ರ ನವೆಂಬರ್ 1ಕ್ಕೆ. ಅಂದರೆ ಧಾರವಾಡದ ಕನ್ನಡ ಹಾಡು ಗಡಿ ದಾಟಿ ಬರೋದಕ್ಕೆ ಶುರುವಾಗಿ ಆರು ವರ್ಷದ ಮೇಲೆ ನಕಾಶೆ ಅದರ ಹಿಂದೆ ಬಂತು.

ಇದರಲ್ಲೊಂದು ತಮಾಷೆ ಇದೆ. ನಮ್ಮ ಕಡೆ ಶ್ರಾವಣದ ಪುರಾಣ ಅಂದರೆ ಗವಾಯಿ, ತಬಲಾದವರು, ಒಂದು ಹಾರ್ಮೋನಿಯಂ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಕಲಿಸಿ ಹಳ್ಳಿಹಳ್ಳಿಗೆ ಕಳಿಸಿದರು. ಪೆಟ್ಟಿಗೆ ಇಲ್ಲದೆ ಗುಡಿಯಲ್ಲಿ ಹಾಡೇ ಇಲ್ಲ. ಆದರೆ ಆಕಾಶವಾಣಿಯಲ್ಲಿ 1940ರಿಂದ 1970ರ ದಶಕದ ಆರಂಭದವರೆಗೆ ಹಾರ್ಮೋನಿಯಂ ನಿಷಿದ್ಧ! ಶ್ರುತಿಗಳು ಅದರಲ್ಲಿ ಸರಿಯಾಗಿ ಬರೋಲ್ಲ, ಅದು ಪರದೇಶದ ವಾದ್ಯ ಅಂತ. ಗುಡಿಯಲ್ಲಿ ಕೇಳಿದ ಕಿವಿ ಹೊಟೇಲಿನಲ್ಲಿ ಪೆಟ್ಟಿಗೆಯಿಲ್ಲದ ಹಾಡು ಕೇಳಿತು. ಮಂತ್ರಿ ಕೇಸ್ಕರ್ ಸಿನಿಮಾ ಹಾಡಿಗೂ ಕತ್ತರಿ ಹಾಕಿದ ಮೇಲೆ ಜನ ಸುಮ್ಮನಿದ್ದರೇ? ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು, ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ ಕೇಳಿದರು. 1957ರಲ್ಲಿ ಸರ್ಕಾರವೇ ಸೋತು ವಿವಿಧ ಭಾರತಿ ತೆಗೆಯಿತು.

ಇನ್ನು 1953ರಲ್ಲಿ ಡ್ಯಾಮಿನ ನೀರು ಬಂತು, ಭತ್ತ ಬಂತು, ಭತ್ತ ಬೆಳೆಯಲು ಆಂಧ್ರದಿಂದ ರೈತರು ಬಂದು ಗಂಗಾವತಿ ಸುತ್ತ 'ಕ್ಯಾಂಪ್' ಕಟ್ಟಿದರು. ಅವರ ಜೊತೆ ಘಂಟಸಾಲ ಬಂದರು. ಕಾಲುವೆಯಲ್ಲಿ ನೀರಷ್ಟೇ ಹರೀಲಿಲ್ಲ ನೋಡಿ. ಹರಿಗೋಲಿನ ಹಿರಿಯರ ಮೊಬೈಲಿನಲ್ಲಿ ಏನಿದೆ ಅಂತ ನಾನೂ ಕೇಳಿದೆ. ಒಂದು ಹಳೇ ತೆಲುಗು ಸಿನಿಮಾ ಹಾಡು, ಒಂದು ತತ್ವಪದ, ಒಂದು ಉರ್ದು ಕವ್ವಾಲಿ, ಅದರ ಹಿಂದೆಯೇ ಡಬ್‌ಡಬ್ ಅನ್ನೋ ಇಂಗ್ಲಿಷೂ ಅಲ್ಲದ ಇನ್ನೊಂದು.

"ಇದೆಲ್ಲಿಂದ ಬಂತು?"

"ಗಡ್ಡಿಯಿಂದ ಸರ. ನನ್ನ ಮಗ ಅಲ್ಲಿ ಕೆಲಸ ಮಾಡ್ತಿದ್ದ."

ಗಡ್ಡಿ ಅಂದರೆ ವಿರೂಪಾಪುರ ಗಡ್ಡೆ. ಪರದೇಶದವರು ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತಿದ್ದ 'ಹಿಪ್ಪಿ ದ್ವೀಪ'. ಅಲ್ಲಿನ ರೆಸಾರ್ಟುಗಳು ಅಕ್ರಮ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಮಾರ್ಚಿನಲ್ಲಿ ಜೆಸಿಬಿ ಬಂದವು. ಕಾನೂನು ಪ್ರಕಾರ ಸರಿ, ಹಂಪಿಯ ಉಳಿವಿಗೂ ಬೇಕಿತ್ತು, ನನ್ನ ತಕರಾರಿಲ್ಲ. ಆದರೆ ಅಲ್ಲಿ ಪಾತ್ರೆ ತೊಳೆಯುತ್ತಾ ಪರದೇಶದವರ ಹಾಡಿಗೆ ಕಿವಿ ಕೊಟ್ಟ ಹುಡುಗರೂ ಒಂದು ರೀತಿಯಲ್ಲಿ ಗದಗದ ಅಂಗಡಿ ಮುಂದೆ ನಿಂತವರೇ ಅಲ್ಲವೇ? ಗಡ್ಡೆ ಖಾಲಿಯಾದ ಮೇಲೆ ಪ್ರವಾಸಿಗರು ಸಾಣಾಪುರದ ಕಡೆ ಬರತೊಡಗಿದರು, ಹೋಂಸ್ಟೇಗಳು ಬೆಳೆದವು.

ಆಮೇಲೆ 2025ರ ಮಾರ್ಚ್ 6ರ ರಾತ್ರಿ. ಸಾಣಾಪುರದ ಹತ್ತಿರ ಕಾಲುವೆ ದಂಡೆಯ ಮೇಲೆ ನಕ್ಷತ್ರ ನೋಡುತ್ತಾ ಗಿಟಾರ್ ಹಿಡಿದು ಕೂತಿದ್ದ ಐದು ಜನರ ಮೇಲೆ ದಾಳಿಯಾಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಕಾಲುವೆಗೆ ತಳ್ಳಿಸಿಕೊಂಡ ಯುವಕರಲ್ಲಿ ಒಬ್ಬ ಹೆಣವಾಗಿ ಸಿಕ್ಕ. ಪೇಪರಿನಲ್ಲಿ ಓದಿದಾಗ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ಗಿಟಾರು. ಹತ್ತಿಪ್ಪತ್ತು ದೇಶಗಳ ಹಾಡು ಬಂದು ಹೋದ ದಂಡೆ ಅದು.

ಹರಿಗೋಲಿನ ಹಿರಿಯರ ನಂಬರ್ ಇತ್ತು. ಫೋನ್ ಮಾಡಿದೆ.

"ಕತ್ತಲಾದಮ್ಯಾಲೆ ಯಾರೂ ಕೂಡಂಗಿಲ್ಲ ಸರ ಈಗ. ನಮ್ ಹುಡುಗ್ರೂ ಕೂಡಂಗಿಲ್ಲ. ಬಿಕೋ ಅಂತೈತಿ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರೇ, "ಅವತ್ತು ಕೇಳಿಸಿದ್ರಲ್ಲ ಸರ, ಜೋಶಿಯವ್ರದ್ದು... ಅದು ನನ್ನ ಕಡೆ ಇಲ್ಲ. ಕಳಸ್ತೀರೇನು?" ಅಂದರು.

ಕಳಿಸಿದೆ. ನೀಲಿ ಗೆರೆ ಬೀಳಲು ಎರಡು ದಿನ ಆಯಿತು. ಅವರ ಕಡೆಯಿಂದ ತಿರುಗಿ ಬಂದದ್ದು ಆ ಹಳೇ ತೆಲುಗು ಹಾಡು. ಈಗ ಅದನ್ನೇ ಕೇಳುತ್ತಿದ್ದೇನೆ. ನಿಮ್ಮೂರಿನ ಹೊಟೇಲಿನವನು ಏನು ಹಚ್ಚುತ್ತಿದ್ದ?